ಚಿಟ್ಟೆಯ ರೆಕ್ಕೆಯೂ ಜಾತಿನಿರ್ಣಯವೂ

೧

‘ಗೋ’ ಎಂಬ ಶಬ್ದವನ್ನು ಕೇಳಿದೊಡನೆ ನಮಗೆ ತೋರುವ ಅರ್ಥವು ಯಾವುದು? ಕಣ್ಣೆದುರಿಗೆ ನಿಂತಿರುವ ಒಂದು ಹಸುವೋ, ಕೊಂಬು ಗೊರಸು ಗಂಗೆದೊಗಲುಗಳ ಸನ್ನಿವೇಶವೋ, ಅಥವಾ ಹಸುಗಳೆಲ್ಲವುಗಳಲ್ಲಿಯೂ ಅನುಗತವಾಗಿರುವ ಗೋತ್ವವೋ? ನ್ಯಾಯಸೂತ್ರಕಾರನಾದ ಗೌತಮನು ತನ್ನ ಗ್ರಂಥದ ಎರಡನೆಯ ಅಧ್ಯಾಯದ ಎರಡನೆಯ ಆಹ್ನಿಕದಲ್ಲಿ ಈ ಪ್ರಶ್ನೆಯನ್ನೆತ್ತಿಕೊಂಡು, ವ್ಯಕ್ತಿ, ಆಕೃತಿ, ಜಾತಿ ಎಂಬ ಮೂರೂ ಪದಾರ್ಥವೇ ಆಗುತ್ತವೆಂದು ತೀರ್ಮಾನಿಸಿದ್ದಾನೆ. ಇವುಗಳಲ್ಲಿ ಆಕೃತಿಗೆ ಅವನು ಕೊಟ್ಟಿರುವ ಸ್ಥಾನವು ಗಮನಾರ್ಹವಾದುದು. ಆಕೃತಿಯೇ ಜಾತಿಯಲ್ಲ, ಅದು ಜಾತಿಯನ್ನು ತಿಳಿಸಿಕೊಡುವ ಲಿಂಗ, ಎಂದರೆ ಗುರುತು. ಗುರುತಿಗೂ ಗುರುತಿಸಲ್ಪಡುವ ವಸ್ತುವಿಗೂ ಇರುವ ಈ ಅಂತರವನ್ನು ಪಾಠಶಾಲೆಯಲ್ಲಿ ಓದಿದ ನಾವೆಲ್ಲರೂ ಬಾಯಿಪಾಠವಾಗಿ ಬಲ್ಲೆವು. ಆದರೆ ಕಾರ್ಯಕಾಲದಲ್ಲಿ ಅದನ್ನು ಮರೆಯುವವರೇ ಹೆಚ್ಚು. ನಾನೂ ಒಮ್ಮೆ ಮರೆತೆನು. ಅದರ ವಿವರವನ್ನು ಈ ಲೇಖನದ ಕೊನೆಯಲ್ಲಿ ನಿವೇದಿಸುವೆನು.

ಪ್ರಕೃತ ಲೇಖನದ ವಿಷಯವು ಚಿಟ್ಟೆಯ ರೆಕ್ಕೆಯ ಆಕೃತಿ. ಶಾಸ್ತ್ರಾಭ್ಯಾಸಿಯಾದವನಿಗೆ ಕೀಟಗಳ ಗೊಡವೆಯೇಕೆಂದು ವಾಚಕರು ಶಂಕಿಸಬಹುದು. ಆಕೃತಿಗೂ ಜಾತಿಗೂ ಇರುವ ಸಂಬಂಧವನ್ನು ಕುರಿತ ವಿವಾದವು ಪುಸ್ತಕಗಳಲ್ಲಿ ಮಾತ್ರ ನಡೆದುದಲ್ಲ. ಒಂದೇ ಜಾತಿಯ ಚಿಟ್ಟೆಯಲ್ಲಿ ಗಂಡಿಗೊಂದು ರೂಪ, ಹೆಣ್ಣಿಗೆ ಎರಡು ಮೂರು ರೂಪ, ಒಂದು ದ್ವೀಪದಲ್ಲಿ ಒಂದು ಬಗೆಯ ರೆಕ್ಕೆ, ನೆರೆಯ ದ್ವೀಪದಲ್ಲಿ ಮತ್ತೊಂದು ಬಗೆ ಕಂಡುಬಂದಾಗ ಇನ್ನೂರೈವತ್ತು ವರ್ಷಗಳ ಕಾಲ ಪ್ರಾಣಿಶಾಸ್ತ್ರಜ್ಞರು ಎಡವಿ, ತಿದ್ದಿಕೊಂಡು, ಮತ್ತೆ ಎಡವಿ, ಅದೇ ವಿವಾದವನ್ನು ಪ್ರತ್ಯಕ್ಷವಾಗಿ ನಡೆಸಿದ್ದಾರೆ. ಆ ಇತಿಹಾಸವನ್ನು ಸಂಗ್ರಹವಾಗಿ ಹೇಳುವುದು ನನ್ನ ಉದ್ದೇಶ. ಇಲ್ಲಿ ‘ಜಾತಿ’ ಎಂಬ ಪದವನ್ನು ಶಾಸ್ತ್ರಪರಿಭಾಷೆಯಲ್ಲಿಯೂ, ಪ್ರಾಣಿಗಳ ಒಂದು ಕುಲವೆಂಬ ಅರ್ಥದಲ್ಲಿಯೂ ಬಳಸಿದೆ. ಲೋಕವ್ಯವಹಾರದ ಅರ್ಥದಲ್ಲಿ ಅಲ್ಲ.

೨

ಪ್ರಾಣಿಗಳಿಗೆಲ್ಲ ಎರಡು ಪದಗಳ ಹೆಸರನ್ನಿಡುವ ಪದ್ಧತಿಯನ್ನು ನೆಲೆಗೊಳಿಸಿದವನು ಸ್ವೀಡನ್ ದೇಶದ ಲಿನ್ನೇಯಸನು. ಅವನ ‘ಸಿಸ್ಟೆಮಾ ನ್ಯಾಚುರೇ’ ಎಂಬ ಗ್ರಂಥದ ಹತ್ತನೆಯ ಆವೃತ್ತಿಯು ಕ್ರಿ. ಶ. ೧೭೫೮ರಲ್ಲಿ ಪ್ರಕಟವಾಯಿತು. ದೊಡ್ಡ ಚಿಟ್ಟೆಗಳಿಗೆ ಹೆಸರಿಡುವಾಗ ಅವನು ಹೋಮರನ ಕಾವ್ಯಲೋಕವನ್ನು ಸೂರೆಗೊಂಡನು. ಟ್ರಾಯ್ ನಗರದ ಪಕ್ಷದ ವೀರರ ಹೆಸರುಗಳು ಕೆಲವಕ್ಕೆ, ಗ್ರೀಕರ ಪಕ್ಷದವರ ಹೆಸರುಗಳು ಕೆಲವಕ್ಕೆ ಬಂದುವು. ನಮ್ಮಲ್ಲಿ ಯಾರಾದರೂ ಚಿಟ್ಟೆಗಳಿಗೆ ಕೌರವ ಪಾಂಡವರ ಹೆಸರನ್ನಿಟ್ಟಿದ್ದರೆ ಹೇಗೋ ಹಾಗೆ.

ಆ ಪಟ್ಟಿಯಲ್ಲಿ ಪಮ್ಮೋನ್ ಎಂಬ ಒಂದು ಚಿಟ್ಟೆಯಿದೆ. ಪೊಲೀಟಿಸ್ ಎಂಬ ಇನ್ನೊಂದಿದೆ. ಹೋಮರನ ಇಲಿಯಡ್ ಕಾವ್ಯದಲ್ಲಿ ಇವರಿಬ್ಬರೂ ಟ್ರಾಯ್ ನಗರದ ದೊರೆ ಪ್ರಿಯಾಮನ ಮಕ್ಕಳು, ಎಂದರೆ ಅಣ್ಣತಮ್ಮಂದಿರು. ಲಿನ್ನೇಯಸನು ಪಮ್ಮೋನನೆಂದು ಕರೆದ ಚಿಟ್ಟೆ ಕಪ್ಪುಬಣ್ಣದ್ದು. ಹಿಂದಿನ ರೆಕ್ಕೆಗಳಿಗೆ ಅಡ್ಡಲಾಗಿ ಬಿಳಿಯ ಮಚ್ಚೆಗಳ ಪಟ್ಟಿಯೊಂದು ಅದಕ್ಕಿದೆ. ಪೊಲೀಟಿಸನೆಂದು ಕರೆದುದೂ ಕಪ್ಪೇ; ಆದರೆ ಹಿಂದಿನ ರೆಕ್ಕೆಯ ನಡುವೆ ಬಿಳಿಯ ಮಚ್ಚೆಗಳ ಗುಂಪೂ ಅಂಚಿನಲ್ಲಿ ಕೆಂಪು ಅರ್ಧಚಂದ್ರಗಳೂ ಅದಕ್ಕಿವೆ. ಆಕೃತಿ ಬೇರೆ, ಆದುದರಿಂದ ಜಾತಿ ಬೇರೆ ಎಂಬುದು ಲಿನ್ನೇಯಸನ ಅನುಮಾನ. ಮುಂದೆ ಹಾಲೆಂಡಿನ ಪೀಟರ್ ಕ್ರಾಮರನು, ಮುಂದಿನ ರೆಕ್ಕೆಯ ಮೇಲೆ ಬಿಳಿಯ ಪಟ್ಟೆಯೂ ಹಿಂದಿನ ರೆಕ್ಕೆಯ ಮೇಲೆ ಕೆಂಪು ಬೊಟ್ಟುಗಳೂ ಇದ್ದ ಮೂರನೆಯದೊಂದಕ್ಕೆ ರಾಮ್ಯುಲಸ್ ಎಂದು ಹೆಸರಿಟ್ಟನು.

ವಾಸ್ತವವಾಗಿ ಈ ಮೂರೂ ಒಂದೇ ಜಾತಿ. ಪಮ್ಮೋನನು ಗಂಡು, ಪೊಲೀಟಿಸನೂ ರಾಮ್ಯುಲಸನೂ ಅವನ ಹೆಣ್ಣುಗಳು! ಒಂದೇ ತಾಯಿ ಇಟ್ಟ ಮೊಟ್ಟೆಗಳಿಂದ ಹೊರಟ ಗಂಡುಹೆಣ್ಣುಗಳನ್ನು ಅಣ್ಣತಮ್ಮಂದಿರೆಂದು ಕರೆದುದರಲ್ಲಿ ಒಡಹುಟ್ಟು ಮಾತ್ರ ನಿಜವಾಯಿತು, ಲಿಂಗ ತಪ್ಪಿತು. ಇದೇ ಬಗೆಯಲ್ಲಿ ಮೆಮ್ನೋನ್, ಅಗೇನೋರ್ ಎಂಬ ಎರಡು ಹೆಸರುಗಳನ್ನು ಲಿನ್ನೇಯಸನು ಒಂದೇ ಜಾತಿಯ ದೊಡ್ಡ ಚಿಟ್ಟೆಗಳಿಗೆ ಇಟ್ಟನು. ಅದೇ ಜಾತಿಯಲ್ಲಿ ಬಾಲವುಳ್ಳ ಹೆಣ್ಣಿಗೆ ಮುಂದೆ ಅಖಾಟಿಸ್ ಎಂಬ ಮತ್ತೊಂದು ಹೆಸರು ಬಂದಿತು.

ಇದಕ್ಕಾಗಿ ಲಿನ್ನೇಯಸನನ್ನು ಹಾಸ್ಯಮಾಡುವುದು ಉಚಿತವಲ್ಲ. ಅವನ ಮುಂದಿದ್ದುದು ಹಡಗುಗಳಲ್ಲಿ ಬಂದ, ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಒಣ ರೆಕ್ಕೆಗಳು. ಅವು ಯಾವ ಗಿಡದ ಮೇಲೆ ಹುಟ್ಟಿದುವು, ಯಾವುದು ಯಾವುದರೊಡನೆ ಕೂಡಿತು ಎಂಬುದನ್ನು ಹೇಳಬಲ್ಲ ಸಾಕ್ಷಿಯು ಅಲ್ಲಿ ಇರಲಿಲ್ಲ. ಇದ್ದುದು ಆಕೃತಿಯೊಂದೇ, ಅದೊಂದೇ ಇದ್ದಾಗ ಅದನ್ನೇ ಜಾತಿಯೆಂದು ಹಿಡಿಯುವುದು ಸಹಜ.

೩

ಈ ಗಂಟನ್ನು ಬಿಡಿಸಿದವರಲ್ಲಿ ಅಗ್ರಗಣ್ಯನು ಆಲ್ಫ್ರೆಡ್ ರಸೆಲ್ ವಾಲೇಸನು (೧೮೨೩-೧೯೧೩). ಪ್ರಕೃತಿಯ ಆಯ್ಕೆಯಿಂದ ಜೀವಜಾತಿಗಳು ಮಾರ್ಪಡುತ್ತವೆಂಬ ತತ್ತ್ವವನ್ನು ಡಾರ್ವಿನನಂತೆಯೇ ಸ್ವತಂತ್ರವಾಗಿ ಕಂಡುಕೊಂಡವನೆಂದು ಅವನ ಹೆಸರು ಪ್ರಸಿದ್ಧವಾಗಿದೆ. ೧೮೫೪ರಿಂದ ೧೮೬೨ರವರೆಗೆ ಎಂಟು ವರ್ಷಗಳು ಅವನು ಮಲಯ ದ್ವೀಪಸ್ತೋಮದಲ್ಲಿ ಅಲೆದು ೧,೨೫,೬೬೦ ಪ್ರಾಣಿಮಾದರಿಗಳನ್ನು ಸಂಗ್ರಹಿಸಿದನು. ಯಾವುದು ಯಾವ ದ್ವೀಪದ್ದೆಂಬುದನ್ನು ಮರೆಯದೆ ಗುರುತು ಹಾಕಿಡುವುದು ಅವನ ರೂಢಿ. ಅವನ ಕಾಲದ ಅನೇಕ ಸಂಗ್ರಾಹಕರು ‘ಪೂರ್ವದೇಶದ್ದು’ ಎಂದು ಬರೆದು ತೃಪ್ತರಾಗುತ್ತಿದ್ದರು. ವಾಲೇಸನ ಈ ಚಿಕ್ಕ ಚೀಟಿಯಲ್ಲಿಯೇ ಮುಂದಿನ ವಿಚಾರದ ಬೀಜವಿದೆ.

ಸುಮಾತ್ರಾದಲ್ಲಿ ಅವನು ಮೆಮ್ನೋನ್ ಚಿಟ್ಟೆಯನ್ನು ಹಿಡಿದನು. ರೆಕ್ಕೆ ಬಿಚ್ಚಿದರೆ ಸುಮಾರು ಐದು ಅಂಗುಲದಷ್ಟಾಗುವ ಈ ಚಿಟ್ಟೆಯ ಗಂಡು ಕಪ್ಪು. ಮೇಲೆ ಬೂದುಮಿಶ್ರವಾದ ನೀಲಿಯ ರೇಖೆಗಳು. ಅದರ ಹಿಂದಿನ ರೆಕ್ಕೆಯ ಅಂಚು ದುಂಡಗಿದೆ, ಬಾಲವಿಲ್ಲ. ಹೆಣ್ಣುಗಳಲ್ಲಾದರೋ ಎರಡು ಪಂಗಡ. ಕೆಲವು ಗಂಡಿನಂತೆ ಬಾಲವಿಲ್ಲದವು, ಬಣ್ಣ ಮಾತ್ರ ಬೇರೆ. ಕೆಲವು ಹಿಂದಿನ ರೆಕ್ಕೆಯ ತುದಿಯಲ್ಲಿ ಸೌಟಿನಾಕಾರದ ಉದ್ದ ಬಾಲವುಳ್ಳವು. ಈ ಎರಡನೆಯವು ತಮ್ಮ ಗಂಡನ್ನು ಹೋಲುವುದಿಲ್ಲ. ತಮ್ಮ ಜೊತೆಯ ಹೆಣ್ಣುಗಳನ್ನೂ ಹೋಲುವುದಿಲ್ಲ. ಬೇರೊಂದು ಜಾತಿಯದಾದ ಕೂನ್ ಎಂಬ ಚಿಟ್ಟೆಯನ್ನು ಹೋಲುತ್ತವೆ. ಇಲ್ಲಿ ಭೇದವು ಬಣ್ಣದಲ್ಲಿ ಮಾತ್ರವಲ್ಲ, ರೆಕ್ಕೆಯ ಕಟ್ಟಿನಲ್ಲಿಯೇ ಇದೆ ಎಂಬುದನ್ನು ವಾಚಕರು ಲಕ್ಷಿಸಬೇಕು. ಬಣ್ಣವು ಬಿಸಿಲಿಗೆ ಮಾಸಬಹುದು, ಮಳೆಗಾಲಕ್ಕೊಂದು ಬೇಸಗೆಗೊಂದು ಆಗಬಹುದು. ಬಾಲವಿರುವುದಕ್ಕೂ ಇಲ್ಲದಿರುವುದಕ್ಕೂ ಅಂಥ ಸಮಾಧಾನವಿಲ್ಲ.

ಈ ಸಂಶಯವನ್ನು ಕಳೆದುದು ಆಕೃತಿಯ ಸೂಕ್ಷ್ಮಪರೀಕ್ಷೆಯಲ್ಲ, ಜನನದ ಪರೀಕ್ಷೆ. ಜಾವಾ ದ್ವೀಪದಲ್ಲಿ ಡಚ್ ಕೀಟಶಾಸ್ತ್ರಜ್ಞನೊಬ್ಬನು ಮರಿಹುಳುಗಳನ್ನು ಸಾಕಿ ನೋಡಲು, ಗಂಡುಗಳೂ ಬಾಲವುಳ್ಳ ಹೆಣ್ಣುಗಳೂ ಬಾಲವಿಲ್ಲದ ಹೆಣ್ಣುಗಳೂ ಅವುಗಳಿಂದಲೇ ಹೊರಟುವೆಂದು ವಾಲೇಸನು ತನ್ನ ಪ್ರವಾಸಗ್ರಂಥದಲ್ಲಿ ತಿಳಿಸಿದ್ದಾನೆ. ಒಂದು ಮನೆಯಲ್ಲಿ ಗಂಡುಮಕ್ಕಳೆಲ್ಲರೂ ತಂದೆಯನ್ನೇ ಹೋಲಿ, ಹೆಣ್ಣುಮಕ್ಕಳು ಬೇರೆ ಬೇರೆ ಎರಡು ಕುಲದವರಂತೆ ಎರಡೇ ಅಚ್ಚಿನಲ್ಲಿ ಹುಟ್ಟಿ, ಯಾರಲ್ಲಿಯೂ ಬೆರಕೆಯ ಲಕ್ಷಣ ಕಾಣದಿದ್ದರೆ ಎಷ್ಟು ಆಶ್ಚರ್ಯವಾದೀತೋ ಅಷ್ಟು ಆಶ್ಚರ್ಯವಿದು ಎಂಬುದು ಅವನ ಅಭಿಪ್ರಾಯ. ನಡುವಣ ರೂಪಗಳು ಎಂದಿಗೂ ಹುಟ್ಟವೆಂದೂ ಅವನು ನಂಬಿದನು. ಈ ಕಡೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

೪

೧೮೬೪ನೆಯ ಇಸವಿ ಮಾರ್ಚಿ ೧೭ರಂದು ವಾಲೇಸನು ಲಂಡನ್ನಿನ ಲಿನ್ನೇಯನ್ ಸೊಸೈಟಿಯಲ್ಲಿ ಮಲಯ ಪ್ರದೇಶದ ಪಾಪಿಲಿಯೋ ವಂಶದ ಚಿಟ್ಟೆಗಳನ್ನು ಕುರಿತ ಪ್ರಬಂಧವನ್ನು ಓದಿದನು. ಮರುವರ್ಷ ಅದು ಮುದ್ರಿತವಾಯಿತು. ಅದರಲ್ಲಿ ಅವನು ‘ಭೇದ’ ಎಂಬ ಒಂದೇ ಮಾತಿನಲ್ಲಿ ಎಲ್ಲವನ್ನೂ ತುಂಬದೆ ಆರು ಮೆಟ್ಟಿಲುಗಳನ್ನು ಮಾಡಿದ್ದಾನೆ. ಒಂದೇ ತಾಯಿಯ ಮಕ್ಕಳಲ್ಲಿ ಅಲ್ಪಸ್ವಲ್ಪವಾಗಿ ಕಾಣುವ ವ್ಯತ್ಯಾಸ; ನಡುವಣ ರೂಪಗಳಿಲ್ಲದೆ ಎರಡು ಮೂರು ಅಚ್ಚುಗಳಲ್ಲಿ ಕಾಣುವ ಬಹುರೂಪತೆ; ಪ್ರದೇಶಕ್ಕೆ ತಕ್ಕ ಸ್ಥಳೀಯ ರೂಪ; ಒಂದೇ ಸ್ಥಳದಲ್ಲಿ ಕೂಡಿ ಬಾಳುವ ಸೂಕ್ಷ್ಮಭೇದ; ಉಪಜಾತಿ; ಕಡೆಗೆ ಜಾತಿ. ಈ ವಿಂಗಡಣೆಯ ಬೆಲೆಯನ್ನು ತರ್ಕಾಭ್ಯಾಸಿಗಳಿಗೆ ವಿಸ್ತರಿಸಿ ಹೇಳಬೇಕಾದುದಿಲ್ಲ. ‘ಆಕೃತಿ ಬೇರೆ’ ಎಂಬ ಒಂದೇ ಹೇತುವಿನಿಂದ ‘ಜಾತಿ ಬೇರೆ’ ಎಂದು ಸಾಧಿಸಹೊರಟವನಿಗೆ, ‘ಯಾವ ಬಗೆಯ ಬೇರೆತನ?’ ಎಂದು ಕೇಳುವ ಅವಕಾಶವು ಇಲ್ಲಿ ಒದಗಿತು.

ಬಹುರೂಪತೆಯು ಲಿಂಗಭೇದಕ್ಕೆ ಸೇರಿದುದು. ಸ್ಥಳೀಯ ರೂಪಕ್ಕೆ ಅವನು ಕೊಟ್ಟ ಉದಾಹರಣೆಗಳು ಇನ್ನೂ ವಿಚಿತ್ರವಾಗಿವೆ. ಅಂಬಾಯ್ನಾ ಎಂಬ ಸಣ್ಣ ದ್ವೀಪದ ಚಿಟ್ಟೆಗಳು ಇತರ ದ್ವೀಪಗಳ ತಮ್ಮ ಬಂಧುಗಳಿಗಿಂತ ದೊಡ್ಡವು. ಪಶ್ಚಿಮದ ದ್ವೀಪಗಳಲ್ಲಿ ಬಾಲವುಳ್ಳ ಬಳಗಗಳು ಪೂರ್ವಕ್ಕೆ ಹೋದಂತೆಲ್ಲ ಬಾಲವನ್ನು ಕಿರಿದುಮಾಡಿಕೊಳ್ಳುತ್ತವೆ, ಅಥವಾ ಕಳೆದುಕೊಳ್ಳುತ್ತವೆ. ಎಲ್ಲಕ್ಕಿಂತಲೂ ಮಿಗಿಲಾದುದು ಸೆಲೆಬೀಸ್ ದ್ವೀಪದ ಸಂಗತಿ. ಈಗ ಅದನ್ನು ಸುಲಾವೆಸಿ ಎಂದು ಕರೆಯುತ್ತಾರೆ. ಅಲ್ಲಿಯ ಪಾಪಿಲಿಯೋ ಚಿಟ್ಟೆಗಳಲ್ಲಿ ಮುಂದಿನ ರೆಕ್ಕೆಯ ಮೇಲಂಚು ಬುಡದ ಬಳಿಯಲ್ಲಿ ಥಟ್ಟನೆ ಬಿಲ್ಲಿನಂತೆ ಬಾಗಿ, ತುದಿಯು ಕುಡುಗೋಲಿನಂತೆ ಚೂಪಾಗಿ ನೀಡಿರುತ್ತದೆ. ಅದೇ ಚಿಟ್ಟೆಗಳ ಅತ್ಯಂತ ಹತ್ತಿರದ ಬಂಧುಗಳನ್ನು ಜಾವಾದಿಂದಲೋ ಬೋರ್ನಿಯೋದಿಂದಲೋ ತಂದು ಪಕ್ಕದಲ್ಲಿರಿಸಿದರೆ, ಅವುಗಳ ಅಂಚು ಮೆಲ್ಲನೆ ಬಾಗಿದ್ದು ರೆಕ್ಕೆಯು ಅಗಲವಾಗಿರುತ್ತದೆ. ಒಂದು ಚಿಟ್ಟೆಯಲ್ಲಿ ಮಾತ್ರ ಇದು ಕಂಡಿದ್ದರೆ ಆಕಸ್ಮಿಕವೆನ್ನಬಹುದಾಗಿತ್ತು. ಆದರೆ ಒಂದಕ್ಕೊಂದು ಸಂಬಂಧವಿಲ್ಲದ ಅನೇಕ ಜಾತಿಗಳು, ಪಾಪಿಲಿಯೋಗಳಲ್ಲದೆ ಬಿಳಿಹಳದಿ ಚಿಟ್ಟೆಗಳ ವಂಶದವು ಕೂಡ, ಆ ದ್ವೀಪದಲ್ಲಿ ಒಂದೇ ಕಡೆಗೆ ಬಾಗಿವೆ. ಒಂದು ಸೀಮೆಯಲ್ಲಿ ಹುಟ್ಟಿದವರೆಲ್ಲರ ಮಾತಿನಲ್ಲಿ, ಅವರು ಯಾವ ಮನೆಯವರೇ ಆಗಿರಲಿ, ಒಂದೇ ರಾಗವು ಕೇಳಿಬರುವಂತೆ!

ವಾಲೇಸನು ಇದಕ್ಕೆ ಹೇಳಿದ ಕಾರಣವು ಊಹಾರೂಪವಾದುದು. ಬಾಗಿದ ಚೂಪುರೆಕ್ಕೆಯು ವೇಗಕ್ಕೂ ಥಟ್ಟನೆ ತಿರುಗುವುದಕ್ಕೂ ಅನುಕೂಲ. ಆದಕಾರಣ ಆ ದ್ವೀಪದಲ್ಲಿ ಚಿಟ್ಟೆಗಳನ್ನು ಬೆನ್ನಟ್ಟುತ್ತಿದ್ದ ವೈರಿಯೊಂದು, ಬಹುಶಃ ಪಕ್ಷಿಯಾಗಿರಬಹುದು, ಹಿಂದೆ ಇದ್ದಿರಬೇಕು ಎಂದನು. ಊಹೆಯನ್ನು ಊಹೆಯೆಂದೇ ಅವನು ಹೇಳಿರುವುದು ಪ್ರಶಂಸನೀಯ. ಕಾರಣವು ಏನೇ ಇರಲಿ, ರೆಕ್ಕೆಯ ಆಕೃತಿಯು ಇಲ್ಲಿ ಜಾತಿಯನ್ನಲ್ಲ, ದೇಶವನ್ನು ಸೂಚಿಸುತ್ತದೆ. ಮೆಮ್ನೋನಿನಲ್ಲಿ ಅದು ಸೂಚಿಸಿದುದು ಲಿಂಗವನ್ನು. ಒಂದೇ ಗುರುತು ಎರಡು ಕಡೆಗಳಲ್ಲಿ ಎರಡು ಅರ್ಥಗಳನ್ನು ಕೊಟ್ಟರೆ ಅದನ್ನು ಅನೇಕಾಂತಿಕವೆನ್ನುವುದು ನಮ್ಮ ವಾಡಿಕೆ.

೫

ಬಾಲವಿರುವ ಹೆಣ್ಣಿಗೆ ಬಾಲವು ಏತಕ್ಕೆ? ಇದಕ್ಕೆ ಉತ್ತರವು ವಾಲೇಸನ ಹಳೆಯ ಸಂಗಡಿಗನಾದ ಹೆನ್ರಿ ವಾಲ್ಟರ್ ಬೇಟ್ಸನಿಂದ ಬಂದಿತು. ಇವರಿಬ್ಬರೂ ೧೮೪೮ರಲ್ಲಿ ಜೊತೆಯಾಗಿ ಅಮೆಜಾನ್ ನದಿಯ ಕಾಡುಗಳಿಗೆ ಹೋದವರು. ಹಕ್ಕಿಗಳಿಗೆ ರುಚಿಸದ ಚಿಟ್ಟೆಯ ವೇಷವನ್ನು ರುಚಿಸುವ ಚಿಟ್ಟೆಯು ಧರಿಸಿ ತಪ್ಪಿಸಿಕೊಳ್ಳುತ್ತದೆಂದು ಬೇಟ್ಸನು ೧೮೬೨ರಲ್ಲಿ ಪ್ರಕಟಿಸಿದನು. ಈಶ್ವರೀಬಳ್ಳಿಯ ವರ್ಗದ ಗಿಡಗಳನ್ನು ಮೇದು ಬೆಳೆಯುವ ಚಿಟ್ಟೆಗಳ ಮೈಯಲ್ಲಿ ಆ ಗಿಡದ ವಿಷವು ನಿಲ್ಲುತ್ತದೆ. ಕೂನ್ ಚಿಟ್ಟೆಯು ಅಂಥದು. ನಮ್ಮ ದೇಶದ ಹೆಕ್ಟರ್ ಚಿಟ್ಟೆಯೂ ಅಂಥದೇ. ಮೊಟ್ಟೆಗಳ ಭಾರದಿಂದ ಮೆಲ್ಲನೆ ಹಾರುವ, ಎಲೆಯಿಂದ ಎಲೆಗೆ ಹುಡುಕುತ್ತ ನಿಲ್ಲಬೇಕಾದ ಹೆಣ್ಣಿಗೆ ರಕ್ಷಣೆಯು ಹೆಚ್ಚಾಗಿ ಬೇಕು. ಆದುದರಿಂದ ವೇಷವು ಹೆಣ್ಣಿಗೆ ಬಂದಿತೆಂಬುದು ವಾಲೇಸನ ವಿವರಣೆ.

ಇಲ್ಲಿ ನಮ್ಮ ನಾಡಿನ ಸಂಬಂಧವು ಒದಗುತ್ತದೆ. ಮೇಲೆ ಹೇಳಿದ ಪಮ್ಮೋನ್-ಪೊಲೀಟಿಸ್ ಚಿಟ್ಟೆಯು ಕರ್ಣಾಟಕದ ಹಿತ್ತಿಲುಗಳಲ್ಲಿ ಸರ್ವಸಾಮಾನ್ಯವಾದುದು. ಅದರ ಹುಳುಗಳು ಕರಿಬೇವು, ನಿಂಬೆ, ಬಿಲ್ವ ಇವುಗಳ ಎಲೆಗಳನ್ನು ತಿನ್ನುತ್ತವೆ. ಅದರ ಹೆಣ್ಣಿಗೆ ನಮ್ಮಲ್ಲಿ ಮೂರು ರೂಪಗಳು: ಗಂಡನ್ನೇ ಹೋಲುವುದೊಂದು, ಗುಲಾಬಿಚಿಟ್ಟೆಯೆಂಬ ವಿಷದ ಚಿಟ್ಟೆಯನ್ನು ಹೋಲುವುದೊಂದು, ಹೆಕ್ಟರ್ ಚಿಟ್ಟೆಯನ್ನು ಹೋಲುವುದು ಮತ್ತೊಂದು. ಈ ಮೂರನೆಯದು, ಎಂದರೆ ರಾಮ್ಯುಲಸ್ ರೂಪವು, ಸಾಮಾನ್ಯವಾಗಿ ಹೆಕ್ಟರ್ ಚಿಟ್ಟೆಯು ವಾಸಮಾಡುವ ದಕ್ಷಿಣ ಭಾರತ ಮತ್ತು ಸಿಂಹಳಗಳಲ್ಲಿಯೇ ಕಾಣುವುದು. ಬಿಂಬವಿದ್ದೆಡೆಯಲ್ಲಿ ಪ್ರತಿಬಿಂಬ. ಲಿಂಗಭೇದವೂ ದೇಶಭೇದವೂ ಇಲ್ಲಿ ಒಂದರೊಳಗೊಂದು ಹೆಣೆದುಕೊಂಡಿವೆ. ಆದರೂ ವೇಷವು ಪೂರ್ಣವಲ್ಲ. ವಿಷದ ಚಿಟ್ಟೆಗಳ ಒಡಲು ಕೆಂಪು. ವೇಷಧಾರಿಣಿಯ ಒಡಲು ಕಪ್ಪು. ಕಣ್ಣಿಟ್ಟು ನೋಡಿದವನಿಗೆ ಇಷ್ಟರಿಂದಲೇ ನಿಜವು ತಿಳಿಯುವುದು.

ಸಿಂಹಳದಲ್ಲಿ ಫ್ರೈಯರ್ ಎಂಬವನು ಈ ಚಿಟ್ಟೆಯನ್ನು ತಲೆಮಾರುಗಳ ಲೆಕ್ಕವಿಟ್ಟು ಸಾಕಿ, ೧೯೧೩ರ ಸುಮಾರಿಗೆ ತನ್ನ ನಿರ್ಣಯಗಳನ್ನು ಪ್ರಕಟಿಸಿದನು. ಮೆಂಡೆಲನ ನಿಯಮಕ್ಕೆ ಅನುಸಾರವಾಗಿ ಎರಡು ವಂಶಕಾರಕಗಳಿಂದ ಮೂರು ಬಗೆಯ ಹೆಣ್ಣುಗಳು ಹುಟ್ಟುವುದನ್ನು ವಿವರಿಸಬಹುದೆಂದೂ, ಗಂಡುಗಳು ಆ ಕಾರಕಗಳನ್ನು ಹೊತ್ತಿದ್ದರೂ ತಮ್ಮ ರೆಕ್ಕೆಯಲ್ಲಿ ತೋರುವುದಿಲ್ಲವೆಂದೂ ಅವನು ತಿಳಿಸಿದನು. ಇದನ್ನು ಆಧರಿಸಿ ಕೇಂಬ್ರಿಜ್ಜಿನ ಪನ್ನೆಟ್ಟನು ೧೯೧೫ರಲ್ಲಿ ಬರೆದ ಗ್ರಂಥದಲ್ಲಿ, ಈ ವೇಷಗಳು ಮೆಲ್ಲಮೆಲ್ಲನೆ ಬೆಳೆದುವಲ್ಲ, ಒಮ್ಮೆಗೇ ಹುಟ್ಟಿದುವು ಎಂದು ವಾದಿಸಿದನು. ೧೯೨೭ರಲ್ಲಿ ಫಿಷರನು ಅದನ್ನು ಖಂಡಿಸಿದನು: ರೂಪವನ್ನು ತಿರುಗಿಸುವ ಕೀಲಿಯು ಒಂದೇ ಆಗಿದ್ದ ಮಾತ್ರಕ್ಕೆ ಆ ರೂಪವು ಒಂದೇ ದಿನದಲ್ಲಿ ಸಿದ್ಧವಾಯಿತೆಂದು ಹೇಳಲಾಗದು ಎಂಬುದು ಅವನ ವಾದದ ಸಾರ.

೬

ಮೆಮ್ನೋನ್ ಚಿಟ್ಟೆಯ ವಿಚಾರವನ್ನು ಮತ್ತೆ ಕೈಗೆತ್ತಿಕೊಂಡವರು ಲಿವರ್‌ಪೂಲಿನ ಕ್ಲಾರ್ಕ್ ಮತ್ತು ಶೆಪ್ಪರ್ಡ್ ಎಂಬ ವಿದ್ವಾಂಸರು. ಬೇರೆ ಬೇರೆ ದ್ವೀಪಗಳ ಚಿಟ್ಟೆಗಳನ್ನು ತರಿಸಿ ಕೂಡಿಸಿ ಸಾಕಿ, ಥಾರ್ನ್‌ಟನ್ನನ ಸಹಯೋಗದಿಂದ ೧೯೬೮ರಲ್ಲಿ ಪ್ರಬಂಧವನ್ನು ಪ್ರಕಟಿಸಿದರು. ಬಾಲ, ಹಿಂದಿನ ರೆಕ್ಕೆಯ ಚಿತ್ರ, ಮುಂದಿನ ರೆಕ್ಕೆಯ ಚಿತ್ರ, ರೆಕ್ಕೆಯ ಬುಡದ ಬಣ್ಣ, ಒಡಲಿನ ಬಣ್ಣ ಈ ಐದಕ್ಕೂ ಬೇರೆ ಬೇರೆ ಕಾರಕಗಳಿದ್ದು, ಅವು ಒಂದಕ್ಕೊಂದು ಅಂಟಿಕೊಂಡು ಒಟ್ಟಿಗೇ ಮಕ್ಕಳಿಗೆ ಇಳಿಯುತ್ತವೆಂಬುದು ಅವರ ಮತ. ಅಂಟಿಕೊಂಡದ್ದು ಎಂದಾದರೊಮ್ಮೆ ಬಿಡಬಹುದಷ್ಟೆ. ಜಾವಾದಲ್ಲಿ ದೊರೆಯುವ ಅನೂರಾ ಎಂಬ ಹೆಣ್ಣುರೂಪವನ್ನು ಅವರು ಇದಕ್ಕೆ ನಿದರ್ಶನವಾಗಿ ತೋರಿಸಿದರು: ಬಣ್ಣವೆಲ್ಲ ಬಾಲವುಳ್ಳ ಅಖಾಟಿಸಿನದು, ಬಾಲ ಮಾತ್ರ ಇಲ್ಲ! ನಡುವಣ ರೂಪಗಳು ಎಂದಿಗೂ ಹುಟ್ಟವೆಂದು ವಾಲೇಸನು ನಂಬಿದ್ದನಲ್ಲವೇ? ನೂರು ವರ್ಷಗಳ ತರುವಾಯ ಅವನ ಮಾತನ್ನು ಬಾಲವಿಲ್ಲದ ಈ ಹೆಣ್ಣು ತಿದ್ದಿತು. ಆಪ್ತವಾಕ್ಯವಾದರೂ ಪ್ರತ್ಯಕ್ಷದ ಮುಂದೆ ಬಾಗಬೇಕು.

ಆದರೆ ಈ ಮತವೂ ಸಿದ್ಧಾಂತವಾಗಿ ನಿಲ್ಲಲಿಲ್ಲ. ೨೦೧೪ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಕೃಷ್ಣಮೇಘ ಕುಂಟೆಯವರು ಪ್ರಥಮ ಲೇಖಕರಾಗಿ ಅಮೆರಿಕದ ವಿದ್ವಾಂಸರೊಡನೆ ಬರೆದ ಪ್ರಬಂಧವು ‘ನೇಚರ್’ ಪತ್ರಿಕೆಯಲ್ಲಿ ಬಂದಿತು. ಪೊಲೀಟಿಸ್ ಚಿಟ್ಟೆಯಲ್ಲಿ ಈ ವೇಷಕ್ಕೆಲ್ಲ ಮೂಲವು ಹಲವು ಕಾರಕಗಳ ಗುಂಪಲ್ಲ, ‘ಡಬಲ್‌ಸೆಕ್ಸ್’ ಎಂಬ ಒಂದೇ ವಂಶವಾಹಿ ಎಂದು ಅದರಲ್ಲಿ ತೋರಿಸಲಾಯಿತು. ಕೀಟಗಳ ಮೈಯಲ್ಲಿ ಇದು ಗಂಡಿಗೆ ಗಂಡಿನ, ಹೆಣ್ಣಿಗೆ ಹೆಣ್ಣಿನ ಲಕ್ಷಣಗಳನ್ನು ಏರ್ಪಡಿಸುವ ವಂಶವಾಹಿಯೆಂದು ಮೊದಲೇ ತಿಳಿದಿತ್ತು. ಲಿಂಗವನ್ನು ನಿಯಮಿಸುವುದೇ ವೇಷವನ್ನೂ ನಿಯಮಿಸುವುದಾದರೆ, ವೇಷವು ಹೆಣ್ಣಿನಲ್ಲಿ ಮಾತ್ರ ಕಾಣುವುದೇಕೆಂಬ ಪ್ರಶ್ನೆಗೆ ದಾರಿ ಸಿಕ್ಕಿದಂತಾಯಿತು. ಪೊಲೀಟಿಸಿನಲ್ಲಿ ವೇಷದ ಪ್ರತಿಯು ವಂಶಸೂತ್ರದಲ್ಲಿ ತಲೆಕೆಳಗಾಗಿ ತಿರುಗಿ ಕುಳಿತಿದೆ. ಆದುದರಿಂದ ಅದರ ಭಾಗಗಳು ಕಲೆತುಹೋಗವು. ಜಪಾನಿನ ವಿದ್ವಾಂಸರು ೨೦೧೮ರಲ್ಲಿ ಮೆಮ್ನೋನಿನಲ್ಲಿಯೂ ಅದೇ ವಂಶವಾಹಿಯನ್ನು ಕಂಡರು. ಆದರೆ ಅಲ್ಲಿ ಈ ತಿರುಗುವಿಕೆಯಿಲ್ಲ. ಎರಡು ಜಾತಿಗಳು ಒಂದೇ ಸಾಧನವನ್ನು ಎರಡು ಬಗೆಯಾಗಿ ಬಳಸಿಕೊಂಡಿವೆ.

ಇತ್ತ ರೆಕ್ಕೆಯ ಆಕೃತಿಯನ್ನು ಅಳೆಯುವ ಕ್ರಮವೂ ಬೆಳೆಯಿತು. ‘ಬಾಗಿದೆ’, ‘ಚೂಪಾಗಿದೆ’ ಎಂಬ ವಾಲೇಸನ ಮಾತುಗಳು ನೋಡುವವನ ಕಣ್ಣನ್ನವಲಂಬಿಸಿದುವು. ೧೯೧೭ರಲ್ಲಿ ಡಾರ್ಸಿ ಥಾಮ್ಸನನು, ಒಂದು ಪ್ರಾಣಿಯ ಚಿತ್ರದ ಮೇಲೆ ಚೌಕಳಿಗಳನ್ನು ಎಳೆದು, ಚೌಕಳಿಗಳನ್ನು ಬಗ್ಗಿಸುವುದರಿಂದ ಅದರ ಬಂಧುವಿನ ಚಿತ್ರವನ್ನು ಪಡೆಯಬಹುದೆಂದು ತೋರಿಸಿದನು. ಈಗಿನವರು ರೆಕ್ಕೆಯ ನರಗಳು ಕೂಡುವ ಸಂಧಿಗಳಲ್ಲಿ ಬಿಂದುಗಳನ್ನು ಗುರುತಿಸಿ, ಗಾತ್ರ, ಸ್ಥಾನ, ತಿರುವು ಈ ಮೂರನ್ನೂ ಕಳೆದು, ಉಳಿದುದನ್ನೇ ಆಕೃತಿಯೆಂದು ಲೆಕ್ಕಹಾಕುತ್ತಾರೆ. ಅತಿಥಿಗಳನ್ನು ತನ್ನ ಮಂಚಕ್ಕೆ ಸರಿಯಾಗುವಂತೆ ಎಳೆದು ಅಥವಾ ಕಡಿದು ಹಾಕುತ್ತಿದ್ದನೆಂದು ಗ್ರೀಕರ ಕಥೆಯಲ್ಲಿ ಬರುವ ಪ್ರೊಕ್ರಸ್ಟೀಸನೆಂಬ ಕಳ್ಳನ ಹೆಸರನ್ನು ಈ ಕ್ರಮಕ್ಕೆ ಇಟ್ಟಿದ್ದಾರೆ! ಇದರಿಂದ ಗಂಡುಹೆಣ್ಣುಗಳ ರೆಕ್ಕೆಗಳಲ್ಲಿಯೂ, ಒಂದೊಂದು ಸೀಮೆಯ ರೆಕ್ಕೆಗಳಲ್ಲಿಯೂ ಕಣ್ಣಿಗೆ ತಪ್ಪಿಹೋಗುವ ಸೂಕ್ಷ್ಮಭೇದಗಳನ್ನು ಅಂಕೆಗಳಲ್ಲಿ ಹೇಳಬಹುದಾಗಿದೆ. ಆದರೆ ಎಷ್ಟು ಭೇದವೆಂಬುದನ್ನು ಅಂಕೆಯು ಹೇಳೀತೇ ಹೊರತು, ಅದು ಲಿಂಗದಿಂದ ಬಂದುದೋ ದೇಶದಿಂದ ಬಂದುದೋ ಜಾತಿಯಿಂದ ಬಂದುದೋ ಎಂಬುದನ್ನು ತಾನಾಗಿ ಹೇಳದು. ಅದಕ್ಕೆ ವಾಲೇಸನ ಚೀಟಿಯೂ, ಜಾವಾದ ಮೊಟ್ಟೆಯೂ ಇಂದಿಗೂ ಬೇಕು.

೭

ಇಷ್ಟರಿಂದ ಫಲಿತವೇನು? ‘ಬಾಲವುಳ್ಳದ್ದು ಬೇರೆ ಜಾತಿ, ಬಾಲವಿಲ್ಲದ್ದಕ್ಕಿಂತ ಬೇರೆಯಾಗಿ ಕಾಣುವುದರಿಂದ’ ಎಂಬ ಅನುಮಾನದಲ್ಲಿ ಹೇತುವು ಸವ್ಯಭಿಚಾರ. ಆಕೃತಿಯು ಜಾತಿಗೆ ಲಿಂಗವಾಗಬಹುದು. ಆದರೆ ಗಂಡುಹೆಣ್ಣೆಂಬ ಭೇದಕ್ಕೂ, ಹುಟ್ಟಿದ ನೆಲಕ್ಕೂ, ಅನುಕರಣಕ್ಕೂ ಅದು ಲಿಂಗವಾಗಬಲ್ಲುದು. ಹಾಗೆಂದು ಆಕೃತಿಯನ್ನು ತಳ್ಳಿಹಾಕುವುದೂ ಸಲ್ಲದು. ಸೆಲೆಬೀಸಿನ ಬಾಗಿದ ರೆಕ್ಕೆಯನ್ನು ಗಮನಿಸದಿದ್ದರೆ ಆ ದ್ವೀಪದ ವೈಶಿಷ್ಟ್ಯವೇ ತಿಳಿಯುತ್ತಿರಲಿಲ್ಲ. ಆಕೃತಿಯನ್ನು ಸಾಕ್ಷಿಯಾಗಿ ಕರೆದು, ಹುಟ್ಟಿನ ಸಂಗತಿಯನ್ನೂ ಸ್ಥಳವನ್ನೂ ವಿಚಾರಿಸಿದ ಮೇಲೆ ತೀರ್ಪನ್ನು ಹೇಳಬೇಕು.

ಗೌತಮನ ಜಾತಿಲಕ್ಷಣದಲ್ಲಿ ‘ಪ್ರಸವ’ ಎಂಬ ಶಬ್ದವಿದೆ. ಅದನ್ನು ಹಿಡಿದು, ‘ನಮ್ಮ ಋಷಿಗಳು ಇದನ್ನೆಲ್ಲ ಮೊದಲೇ ಬಲ್ಲವರಾಗಿದ್ದರು, ಸಮಾನವಾದ ಜನನವೇ ಜಾತಿಯೆಂದು ಹೇಳಿದ್ದಾರೆ’ ಎಂದು ಕೆಲವರು ಉತ್ಸಾಹದಿಂದ ಹೇಳಬಹುದು. ಹಾಗೆ ಹೇಳುವುದು ಶಾಸ್ತ್ರಕ್ಕೆ ಮಾಡುವ ಅಪಚಾರ. ಭಾಷ್ಯಕಾರನಾದ ವಾತ್ಸ್ಯಾಯನನು ಅಲ್ಲಿಯ ಪ್ರಸವವೆಂದರೆ ಸಮಾನವಾದ ಬುದ್ಧಿಯನ್ನು ಹುಟ್ಟಿಸುವುದೆಂದು ಸ್ಪಷ್ಟವಾಗಿ ವ್ಯಾಖ್ಯಾನಿಸಿದ್ದಾನೆ. ಮೊಟ್ಟೆ ಮರಿಗಳ ಮಾತು ಅಲ್ಲಿಲ್ಲ. ಮೀಮಾಂಸಕರು ಆಕೃತಿಯೆಂಬ ಪದದಿಂದಲೇ ಜಾತಿಯನ್ನು ಹೇಳುವುದುಂಟು. ಆದರೆ ಕುಮಾರಿಲನ ಮತದಲ್ಲಿ ಅದು ಅವಯವಗಳ ಸನ್ನಿವೇಶವಲ್ಲ, ಸಾಮಾನ್ಯವೇ. ಶಬ್ದದ ಹೋಲಿಕೆಯನ್ನು ಹಿಡಿದು ಅರ್ಥದ ಐಕ್ಯವನ್ನು ಸಾಧಿಸುವುದೂ, ರೆಕ್ಕೆಯ ಹೋಲಿಕೆಯನ್ನು ಹಿಡಿದು ಜಾತಿಯ ಐಕ್ಯವನ್ನು ಸಾಧಿಸುವುದೂ ಒಂದೇ ದೋಷ. ಶಾಸ್ತ್ರದಿಂದ ನಾವು ಪಡೆಯಬೇಕಾದುದು ಕೀಟಗಳ ವಿಚಾರವಾದ ಸಮಾಚಾರವನ್ನಲ್ಲ. ಗುರುತನ್ನೂ ವಸ್ತುವನ್ನೂ ಬೇರೆ ಬೇರೆಯಾಗಿ ಇಟ್ಟುಕೊಳ್ಳುವ ಶಿಸ್ತನ್ನು.

ಆ ಶಿಸ್ತು ನನ್ನಲ್ಲಿ ತಪ್ಪಿದ ಪ್ರಸಂಗವನ್ನು ಹೇಳಿ ಮುಗಿಸುವೆನು. ಹಿಂದೊಮ್ಮೆ ತಾಳೆಯೋಲೆಗಳ ಪಟ್ಟಿಯನ್ನು ಮಾಡುತ್ತಿದ್ದಾಗ ಎರಡು ಕಟ್ಟುಗಳು ನನ್ನ ಕೈಗೆ ಬಂದುವು. ಒಂದು ಕನ್ನಡ ಲಿಪಿಯಲ್ಲಿ, ಮಂಗಳಶ್ಲೋಕದಿಂದ ಹಿಡಿದು ಸಮಾಪ್ತಿವಾಕ್ಯದವರೆಗೆ ಪೂರ್ಣವಾಗಿತ್ತು. ಇನ್ನೊಂದು ನಂದಿನಾಗರಿಯಲ್ಲಿದ್ದು, ಮೊದಲ ಗರಿಗಳು ಕಳೆದುಹೋಗಿ, ಹೊರಹಲಗೆಯ ಮೇಲೆ ಯಾರೋ ಬೇರೊಂದು ಹೆಸರನ್ನು ಬರೆದಿದ್ದರು. ಆದಿ ಬೇರೆ, ಲಿಪಿ ಬೇರೆ, ಗಾತ್ರ ಬೇರೆ, ಹೆಸರು ಬೇರೆ. ನಾನು ಎರಡು ಗ್ರಂಥಗಳೆಂದು ಬರೆದುಕೊಂಡೆನು. ಹನ್ನೆರಡು ವರ್ಷಗಳಾದ ಮೇಲೆ, ನನ್ನ ಬಳಿ ಓದುತ್ತಿದ್ದ ವಿದ್ಯಾರ್ಥಿಯೊಬ್ಬನು ಎರಡನ್ನೂ ಪಕ್ಕದಲ್ಲಿಟ್ಟು ಓದಿ, ‘ಪಂಡಿತರೇ, ಎರಡರಲ್ಲಿಯೂ ಒಂದೇ ಸ್ಥಳದಲ್ಲಿ ಒಂದೇ ಪಂಕ್ತಿ ಬಿಟ್ಟುಹೋಗಿದೆಯಲ್ಲಾ!’ ಎಂದು ತೋರಿಸಿದನು. ಒಳ್ಳೆಯ ಪಾಠಗಳು ಒಂದೇ ಆಗಿರುವುದಕ್ಕೆ ನೂರು ಕಾರಣಗಳಿರಬಹುದು. ಒಂದೇ ತಪ್ಪು ಎರಡೂ ಕಡೆಗಳಲ್ಲಿ ಇರುವುದಕ್ಕೆ ಸಾಮಾನ್ಯವಾಗಿ ಒಂದೇ ಕಾರಣ, ಅದು ಒಂದೇ ತಾಯಿಯೋಲೆ. ಎರಡು ಕಟ್ಟುಗಳೂ ಒಂದೇ ಮೊಟ್ಟೆಯ ಮರಿಗಳು. ನನ್ನ ಪಟ್ಟಿಯಲ್ಲಿದ್ದ ಒಂದು ಗ್ರಂಥವು ಅಂದು ಇಲ್ಲವಾಯಿತು. ಪ್ರಿಯಾಮನಿಗೆ ಒಬ್ಬ ಮಗನನ್ನು ಹೆಚ್ಚಾಗಿ ಕೊಟ್ಟ ಲಿನ್ನೇಯಸನ ಪಂಕ್ತಿಯಲ್ಲಿಯೇ ನಾನೂ ಕುಳಿತಿದ್ದೆನೆಂದು ಅಂದು ನನಗೆ ತಿಳಿಯಿತು.

ಪಾಠಭೇದಗಳನ್ನು ಪರಿಶೀಲಿಸುವ ಮಿತ್ರರೂ, ಸಾಹಿತ್ಯವನ್ನು ಬೋಧಿಸುವ ಉಪಾಧ್ಯಾಯರೂ ಇದನ್ನು ನಂಬಬೇಕಾದುದಿಲ್ಲ, ಪರೀಕ್ಷಿಸಬಹುದು. ಮನೆಯ ಹಿತ್ತಿಲಿನ ಕರಿಬೇವಿನ ಎಲೆಯ ಮೇಲೆ, ಮೊದಲು ಹಕ್ಕಿಯ ಹಿಕ್ಕೆಯಂತೆ ಕಂಡು ಬೆಳೆದ ಮೇಲೆ ಹಸುರಾಗುವ ಹುಳುಗಳು ದೊರೆತರೆ, ಅವುಗಳನ್ನು ಎಲೆಯ ಸಹಿತವಾಗಿ ತಂದು ಜಾಲರಿಯ ಪೆಟ್ಟಿಗೆಯಲ್ಲಿಟ್ಟು, ದಿನವೂ ಹೊಸ ಎಲೆಯನ್ನು ಹಾಕುತ್ತ ಬರಲಿ. ಕೋಶವೊಡೆದು ಬಂದ ಚಿಟ್ಟೆಗಳಲ್ಲಿ ಬಿಳಿಯ ಪಟ್ಟಿಯದೂ ಕೆಂಪು ಬೊಟ್ಟಿನದೂ ಎರಡೂ ಇದ್ದರೆ, ಅವುಗಳನ್ನು ಹಾರಿಬಿಡುವ ಮುನ್ನ ಒಡಲಿನ ಬಣ್ಣವನ್ನು ಒಮ್ಮೆ ನೋಡಿಕೊಳ್ಳಲಿ.